ಮೂರಿಂಚು ಮಡಿಕೆ

ನಮ್ಮ ಅಂಗಡಿಯ ಕಟಿಂಗ್ ಮಾಸ್ಟರನ್ನು ಎಲ್ಲರೂ ಮೂರಿಂಚು ಎಂದು ಕರೆಯುತ್ತಿದ್ದರು. ಆಳೇನೂ ಕುಳ್ಳನಲ್ಲ, ಒಳಗೆ ಬರುವಾಗ ಬಾಗಿಲಿಗೆ ತಲೆ ತಗ್ಗಿಸಬೇಕಾಗುತ್ತಿತ್ತು. ಹೆಸರು ಬಂದದ್ದು ಅವನ ಕತ್ತರಿಯಿಂದ. ಶಾಲೆಯ ಹುಡುಗಿಯರ ಸ್ಕರ್ಟಿಗೆ ಬೇರೆಯವರು ಕೆಳಗಡೆ ಒಂದು ಇಂಚು ಒಳಮಡಿಕೆ ಬಿಟ್ಟರೆ ಇವನು ಮೂರು ಇಂಚು ಬಿಡುತ್ತಿದ್ದ. ವರ್ಷ ಕಳೆದು ಹುಡುಗಿ ಎತ್ತರವಾದರೆ ಹೊಲಿಗೆ ಬಿಚ್ಚಿ ಒಂದು ಇಂಚು ಇಳಿಸಬಹುದು, ಮರುವರ್ಷ ಇನ್ನೊಂದು. ಮನೆಯವರಿಗೆ ಅಷ್ಟು ಉಳಿತಾಯ, ಯಜಮಾನರಿಗೆ ಅಷ್ಟು ಹೊಟ್ಟೆಯುರಿ.

"ಬಟ್ಟೆ ನಿನ್ನ ಮಾವ ಕೊಟ್ಟಿದ್ದಾ?" ಎಂದು ಯಜಮಾನರು ಕತ್ತರಿಸುವ ಮೇಜಿನ ಮುಂದೆ ನಿಂತು ಕೂಗುತ್ತಿದ್ದರು.

"ಆ ಹುಡುಗಿ ಬರೋ ವರ್ಷಾನೂ ಇಷ್ಟೇ ಉದ್ದ ಇರ್ತಾಳಾ ಯಜಮಾನ್ರೇ?"

"ಬರೋ ವರ್ಷ ಅವಳು ಹೊಸದು ತಗೊಂಡ್ರೆ ತಾನೇ ನೀನೂ ನಾನೂ ಊಟ ಮಾಡೋದು!"

"ಆಯ್ತು, ಎರಡು ಬಿಡ್ತೀನಿ."

ಹಾಗೆಂದು ಮತ್ತೆ ಮೂರೇ ಬಿಡುತ್ತಿದ್ದ.

ಅಂಗಡಿ ಇದ್ದದ್ದು ಟೈರ್ ರಿಪೇರಿಯವನ ಮಾಳಿಗೆಯ ಮೇಲೆ. ಕಬ್ಬಿಣದ ಮೆಟ್ಟಿಲು ಹತ್ತಿ ಬಂದರೆ ಒಂದೇ ಉದ್ದನೆಯ ಕೋಣೆ. ನಡುವೆ ಮೇಜು, ಗೋಡೆಗೆ ನಾಲ್ಕು ಮಿಷನ್ನು, ಮೂಲೆಯಲ್ಲಿ ಇಸ್ತ್ರಿಯವನು. ಕಿಟಕಿಯ ಪಕ್ಕದ ಗಿಡ್ಡ ಮಣೆ ನನ್ನದು. ಗುಂಡಿ, ಹುಕ್ಕು ಹಾಕುವುದು ನನ್ನ ಕೆಲಸ, ಒಂದು ಬಟ್ಟೆಗೆ ಇಷ್ಟು ಎಂದು ಕೂಲಿ. ಅದಕ್ಕೇ ಎಲ್ಲರಿಗೂ ನಾನು ಗುಂಡಿಯಕ್ಕ. ಗುಂಡಿ ಹಾಕುವವರಿಗೆ ಕೈಗೆ ಕೆಲಸವಿದ್ದರೂ ಕಿವಿಗೆ ಬಿಡುವಿರುತ್ತದೆ. ಮೂರಿಂಚು ತನ್ನ ಸಂಸಾರದ ಮಾತನ್ನು ನನ್ನ ಮುಂದೆ ಆಡುತ್ತಿದ್ದುದು ಬಹುಶಃ ನಾನು ತಲೆ ಎತ್ತಿ ನೋಡುತ್ತಿರಲಿಲ್ಲ ಎಂಬ ಕಾರಣಕ್ಕೆ.

ಅವನ ಹೆಂಡತಿ ಮಗಳನ್ನು ಕರೆದುಕೊಂಡು ಬೇರೆಯಾದಾಗ ಮಗುವಿಗೆ ಮೂರು ವರ್ಷ. ಅವನು ಕುಡಿಯುವವನಲ್ಲ, ಹೊಡೆಯುವವನಲ್ಲ. ಅವಳೂ ಕೆಟ್ಟವಳಲ್ಲ. ನಮ್ಮ ಕೆಲಸದ ರೀತಿಯೇ ಹಾಗೆ. ಶಾಲೆ ತೆರೆಯುವ ಮುಂಚಿನ ಮೂರು ತಿಂಗಳು ಸೀಸನ್, ನೀರು ಕುಡಿಯಲೂ ಪುರುಸೊತ್ತಿಲ್ಲ. ಉಳಿದ ಒಂಬತ್ತು ತಿಂಗಳು ಪ್ಯಾಂಟು ಮೋಟು ಮಾಡುವುದು, ಜಿಪ್ಪು ಬದಲಿಸುವುದು, ಅದೂ ಇದ್ದರೆ ಇತ್ತು. ಒಂಬತ್ತು ತಿಂಗಳ ಬಾಡಿಗೆಗೂ ಹಾಲಿಗೂ ಅವರಿಬ್ಬರು ಜಗಳವಾಡಿದರು, ಮೂರು ತಿಂಗಳು ರಾಜಿಯಾದರು. ಹೀಗೆ ನಾಲ್ಕು ಸುತ್ತು ಆದ ಮೇಲೆ ಅವಳಿಗೆ ಸಾಕಾಯಿತು. "ನನಗೆ ಕೋಪಾನೂ ಇಲ್ಲ, ಸುಸ್ತಾಗಿದೆ" ಎಂದು ಹೇಳಿ ಹೋದಳಂತೆ. ಆ ಮಾತನ್ನು ಅವನು ನನಗೆ ಎಷ್ಟು ಸಲ ಹೇಳಿದನೋ. ಕೋಪ ಬಂದಿದ್ದರೆ ಸಮಾಧಾನ ಮಾಡಬಹುದಿತ್ತು, ಸುಸ್ತಿಗೆ ಏನು ಮಾಡಲಿ ಅಕ್ಕ, ಎನ್ನುತ್ತಿದ್ದ.

ಅವಳು ಒಂದು ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದಳು. ಆ ಸಂಬಳ ಕೋಣೆಯ ಬಾಡಿಗೆಗೆ ಸರಿಹೋಗುತ್ತಿತ್ತು. ಮಗುವಿನ ಹೊಟ್ಟೆಬಟ್ಟೆಗೆಂದು ಒಂಟಿ ತಾಯಂದಿರಿಗೆ ಸರ್ಕಾರ ಕೊಡುವ ನೆರವಿಗೆ ಅರ್ಜಿ ಹಾಕಿದಳು. ಅರ್ಜಿಯಲ್ಲಿ ತಂದೆಯ ಹೆಸರು, ಕೆಲಸ ಮಾಡುವ ಜಾಗ ಬರೆಯಲೇಬೇಕು, ಇಲ್ಲದಿದ್ದರೆ ನೆರವಿಲ್ಲ. ಬರೆದಳು. ಒಂದು ತಿಂಗಳಿಗೆ ಮೂರಿಂಚುವಿಗೆ ಜೀವನಾಂಶ ಕಚೇರಿಯಿಂದ ಕಾಗದ ಬಂತು. ಇಂಥ ದಿನ ಬನ್ನಿ, ಸಂಬಳದ ಚೀಟಿ ತನ್ನಿ ಎಂದು.

ಅದು ಸೀಸನ್ನಿನ ನಟ್ಟನಡುವೆ ಬಂತು. ಕಚೇರಿಗೆ ಹೋಗುವ ಹಿಂದಿನ ದಿನ ಅವನು ಯಜಮಾನರ ಹತ್ತಿರ ಆ ತಿಂಗಳ ಚೀಟಿ ಬರೆಸಿಕೊಂಡ. ಓವರ್‌ಟೈಮನ್ನೂ ಬಿಡದೆ ಸೇರಿಸಿ ಅಂದ. ಅಂಗಿಗೆ ಇಸ್ತ್ರಿ ಹಾಕಿಸಿಕೊಂಡ.

"ಏನಪ್ಪಾ, ಎರಡನೇ ಸಲ ಹೆಣ್ಣು ನೋಡೋಕಾ?" ಎಂದ ಇಸ್ತ್ರಿಯವನು.

"ಮೊದಲನೇದನ್ನೇ ನೋಡೋಕೆ. ಅವಳೂ ಬಂದಿರ್ತಾಳಲ್ಲ. ಚೀಟಿ ನೋಡ್ಲಿ."

ಹೊಲಿಯುವವರ ಬಾಯಿಂದ ಒಂದು ಮಾತು ಎಂದೂ ಹೊರಡುವುದಿಲ್ಲ. ಕೆಲಸವಿಲ್ಲ ಎನ್ನುವ ಮಾತು ಅದು. ಇಡೀ ದಿನ ಮಿಷನ್ನಿನ ಮೇಲೆ ನೊಣ ಕೂತಿದ್ದರೂ ಗಿರಾಕಿ ಮೆಟ್ಟಿಲು ಹತ್ತಿದ ಸದ್ದಾದರೆ ಮಾಸ್ಟರು ಎದ್ದು ಕತ್ತರಿ ಕೈಗೆತ್ತಿಕೊಳ್ಳುತ್ತಾನೆ. "ತುಂಬಾ ಕೆಲಸ ಇದೆ, ಎಂಟು ದಿನ ಆಗುತ್ತೆ" ಎನ್ನುತ್ತಾನೆ. ಕೆಲಸವಿಲ್ಲ ಎಂದರೆ ಇವನ ಕೈ ಸರಿಯಿಲ್ಲ ಎಂದು ಗಿರಾಕಿ ಇಳಿದುಹೋಗುತ್ತಾನೆ. ಈ ಪಾಠವನ್ನು ನಮಗೆ ಸೂಜಿಗೆ ದಾರ ಪೋಣಿಸುವುದಕ್ಕಿಂತ ಮೊದಲೇ ಕಲಿಸಿರುತ್ತಾರೆ.

ಕಚೇರಿಯ ಅಧಿಕಾರಿ ಚೀಟಿ ನೋಡಿ, "ವರ್ಷವಿಡೀ ಹೀಗೇ ಕೆಲಸ ಇರುತ್ತಾ?" ಎಂದು ಕೇಳಿದರಂತೆ. ಇವನ ಹೆಂಡತಿ ಎರಡು ಕುರ್ಚಿ ಆಚೆ ಕೂತಿದ್ದಳು. ಇವನ ನಾಲಿಗೆ ಅಭ್ಯಾಸಬಲದಿಂದ ತಾನಾಗಿಯೇ ಹೇಳಿತು. "ಕೈತುಂಬಾ ಇದೆ ಸರ್. ಉಸಿರಾಡೋಕೂ ಬಿಡುವಿಲ್ಲ."

ಅಧಿಕಾರಿ ಅದನ್ನು ಬರೆದುಕೊಂಡರು. ಆ ತಿಂಗಳ ಗಳಿಕೆಯ ಮೂರರಲ್ಲಿ ಒಂದು ಪಾಲನ್ನು ಪ್ರತಿ ತಿಂಗಳೂ ಕಟ್ಟಬೇಕೆಂದು ಆದೇಶವಾಯಿತು. ಸೀಸನ್ ಮುಗಿದ ಮೇಲೆ ಅವನ ಇಡೀ ತಿಂಗಳ ಗಳಿಕೆ ಆ ಒಂದು ಪಾಲಿಗಿಂತ ಕಡಿಮೆ. ಹೆಂಡತಿಗೆ ಇದು ಗೊತ್ತಿರಲಿಲ್ಲವೇ ಎಂದು ನಾನು ಒಮ್ಮೆ ಕೇಳಿದೆ.

"ಗೊತ್ತಿತ್ತು. ನನ್ನ ಮುಖ ನೋಡಿದಳು. ಅಷ್ಟು ಜನರ ಮುಂದೆ ನನ್ನ ಮಾನ ಯಾಕೆ ಕಳೀಲಿ ಅಂತ ಸುಮ್ಮನಾದಳಂತೆ."

"ಆಮೇಲಾದರೂ ಹೋಗಿ ಹೇಳಬಹುದಿತ್ತಲ್ಲ."

"ಏನಂತ ಹೇಳಲಿ ಅಕ್ಕ? ಅವತ್ತು ಸುಳ್ಳು ಹೇಳಿದೆ, ಇವತ್ತು ನಿಜ ಹೇಳ್ತೀನಿ ಅಂತಲೇ?"

ಮೂರು ತಿಂಗಳು ಪೂರ್ತಿ ಕಟ್ಟುವುದು, ಒಂಬತ್ತು ತಿಂಗಳು ಅರ್ಧವೋ ಕಾಲೋ ಕಟ್ಟುವುದು ಎಂದು ಶುರುವಾಯಿತು. ಬಾಕಿ ಬೆಳೆಯಿತು. ಎರಡನೆಯ ವರ್ಷ ಒಂದು ದಿನ ಅವನು ಆಸ್ಪತ್ರೆಯ ಗೇಟಿನ ಹತ್ತಿರ ಹೆಂಡತಿಗಾಗಿ ಕಾದು ನಿಂತು, ಮಗಳ ಕಾಲಲ್ಲಿ ಬಾಯಿ ಬಿಟ್ಟ ಬೂಟು ಯಾಕಿದೆ ಎಂದು ರೇಗಿದ. ಅವಳು ಬಕೆಟ್ಟು ಕೆಳಗಿಟ್ಟು ಅವನನ್ನೇ ನೋಡಿದಳು.

"ಹೊಸದು ಯಾವುದರಲ್ಲಿ ತರಲಿ?"

"ನಾನು ಕಟ್ಟಿದ್ದೆಲ್ಲಾ ಎಲ್ಲಿ ಹೋಯ್ತು?"

"ಸರ್ಕಾರಕ್ಕೆ. ನನಗೆ ನೆರವು ಕೊಡ್ತಿದ್ದಾರಲ್ಲ, ಅದನ್ನ ನಿನ್ನ ಹತ್ತಿರ ವಸೂಲಿ ಮಾಡ್ತಾರೆ. ನೀನು ಕಟ್ಟಿದ್ದರಲ್ಲಿ ಒಂದು ಕಾಸೂ ನನ್ನ ಕೈಗೆ ಬರಲ್ಲ. ನಿನಗೆ ಯಾರೂ ಹೇಳಲಿಲ್ವಾ?"

ಯಾರೂ ಹೇಳಿರಲಿಲ್ಲ. ಅಥವಾ ಕಾಗದದ ಹಿಂಬದಿಯ ಸಣ್ಣ ಅಕ್ಷರದಲ್ಲಿ ಹೇಳಿದ್ದರೋ ಏನೋ. ಎರಡು ವರ್ಷ ಅವನು ಮಗಳು ಹಾಲು ಕುಡಿದ ಲೋಟ, ಮಗಳ ಪುಸ್ತಕ, ಮಗಳ ಚಪ್ಪಲಿ ಎಲ್ಲದರಲ್ಲೂ ತನ್ನದೊಂದು ಪಾಲಿದೆ ಎಂದುಕೊಂಡು ಮಧ್ಯಾಹ್ನದ ಊಟ ಬಿಟ್ಟಿದ್ದ. ಆವತ್ತು ಅಂಗಡಿಗೆ ಬಂದವನು ಸಂಜೆಯವರೆಗೆ ಕತ್ತರಿ ಕೆಳಗಿಡಲಿಲ್ಲ. ಹೋಗುವ ಹೊತ್ತಿಗೆ ಮಾತ್ರ ನನ್ನ ಹತ್ತಿರ ಬಂದು, "ಅಕ್ಕ, ಇನ್ನು ಮೇಲೆ ನನ್ನ ಕೈಯಾರೆ ಕೊಡ್ತೀನಿ" ಅಂದ.

ಅಲ್ಲಿಂದ ಹಾಗೇ ನಡೆಯಿತು. ಕಚೇರಿಗೆ ಆದಷ್ಟು ಕಟ್ಟುತ್ತಿದ್ದ. ಉಳಿದದ್ದರಲ್ಲಿ ಮಗಳಿಗೆ ಬೂಟು, ಸ್ವೆಟರು, ಹೆಂಡತಿಯ ಕೋಣೆಗೆ ಗ್ಯಾಸು, ದಿನಸಿ. ಅವರಿಬ್ಬರೂ ಮತ್ತೆ ಒಂದಾಗಲಿಲ್ಲ. ಅವನು ಚೀಲವನ್ನು ಅವಳ ಬಾಗಿಲಲ್ಲಿ ಇಟ್ಟು ಬಡಿದು ಬರುತ್ತಿದ್ದ, ಅವಳು ಖಾಲಿ ಚೀಲವನ್ನು ಮಗಳ ಕೈಲಿ ಅಂಗಡಿಗೆ ಕಳಿಸುತ್ತಿದ್ದಳು. ಚೀಲವನ್ನು ಪ್ರತಿ ಸಲವೂ ಒಗೆದು ಮಡಿಸಿರುತ್ತಿದ್ದಳು.

ಮಗಳನ್ನು ಅವನು ಕರೆಯುತ್ತಿದ್ದುದು ಚಿನ್ನು ಎಂದು. ಏಳು ವರ್ಷವಾದಾಗ ಅವಳಿಗೊಂದು ಬೂದುಬಣ್ಣದ ಶಾಲೆ ಸ್ಕರ್ಟು ಹೊಲಿದ, ಬಟ್ಟೆಯ ಹಣವನ್ನು ಯಜಮಾನರು ಕೂಲಿಯಲ್ಲಿ ಮುರಿದುಕೊಂಡರು. ಆಮೇಲೆ ಪ್ರತಿ ವರ್ಷ ಶಾಲೆ ತೆರೆಯುವ ಮುಂಚಿನ ಒಂದು ಶನಿವಾರ ಅವಳು ಬರುತ್ತಿದ್ದಳು. ಅವಳನ್ನು ಮೇಜಿನ ಮೇಲೆ ನಿಲ್ಲಿಸಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಬ್ಲೇಡಿನಿಂದ ಮಡಿಕೆ ಬಿಚ್ಚಿ ಒಂದು ಇಂಚು ಇಳಿಸುತ್ತಿದ್ದ. ಮಡಿಕೆ ಇದ್ದಲ್ಲಿ ಒಂದು ಗೆರೆ ಉಳಿಯುತ್ತದೆ. ಒಗೆದರೂ, ಇಸ್ತ್ರಿ ಮಾಡಿದರೂ ಅದು ಹೋಗುವುದಿಲ್ಲ.

"ಗುಂಡಿ ದೊಡ್ಡಮ್ಮ, ನೋಡಿ, ನನ್ನ ಸ್ಕರ್ಟಿಗೆ ಮೆಟ್ಟಿಲು ಬಂದಿದೆ" ಎನ್ನುತ್ತಿದ್ದಳು ಹುಡುಗಿ.

"ಹತ್ತಿ ಹೋಗು ಮತ್ತೆ" ಎನ್ನುತ್ತಿದ್ದೆ.

"ಬಾಯಿ ಮುಚ್ಚಿ ನೆಟ್ಟಗೆ ನಿಂತುಕೋ" ಎಂದು ಅವನು ಗುಂಡುಸೂಜಿಯ ನಡುವಿನಿಂದಲೇ ಗದರುತ್ತಿದ್ದ. "ಸೊಟ್ಟ ಆದ್ರೆ ಶಾಲೇಲಿ ಎಲ್ಲರೂ ನಿಮ್ಮಪ್ಪ ಟೈಲರಲ್ಲ, ಹಜಾಮ ಅಂತಾರೆ."

ಚಿನ್ನುವಿಗೆ ಹತ್ತು ವರ್ಷವಾದ ವರ್ಷ, ಮೂರನೆಯ ಮಡಿಕೆ ಬಿಚ್ಚಿದ ವಾರವೇ, ಕಚೇರಿಯಿಂದ ರಿಜಿಸ್ಟರ್ಡ್ ಕಾಗದ ಬಂತು. ಬಾಕಿ ಇಷ್ಟಾಗಿದೆ, ಮುಂದಿನ ವಾರ ಇಂಥ ದಿನ ಹಾಜರಾಗಿ, ತಕ್ಕ ಕಾರಣ ತೋರಿಸದಿದ್ದರೆ ಮೂವತ್ತು ದಿನ ಜೈಲು. ಓದಿ ಹೇಳಿದ್ದು ಇಸ್ತ್ರಿಯವನು. ಅವನಿಗೂ ತಮಾಷೆ ಹೊಳೆಯಲಿಲ್ಲ.

ಸೀಸನ್ ಆಗಷ್ಟೇ ಶುರುವಾಗಿತ್ತು. ಈಗ ಮೂವತ್ತು ದಿನ ಒಳಗೆ ಹೋದರೆ ವರ್ಷದ ಗಳಿಕೆಯೇ ಹೋಯಿತು. ಯಜಮಾನರು ಬೇರೆ ಮಾಸ್ಟರನ್ನು ಕರೆತರುತ್ತಾರೆ, ಹೊರಗೆ ಬಂದರೆ ಕೆಲಸವೂ ಇಲ್ಲ. ಬಾಕಿಯಂತೂ ಜೈಲಿಗೆ ಹೋದರೂ ತೀರುವುದಿಲ್ಲ. ಒಳಗಿದ್ದ ತಿಂಗಳ ಕಂತೂ ಅದಕ್ಕೇ ಸೇರುತ್ತದೆ.

ಕಚೇರಿಯ ಎದುರು ಫುಟ್‌ಪಾತಿನಲ್ಲಿ ಅರ್ಜಿ ಬರೆಯುವ ಮುದುಕನೊಬ್ಬ ಕೂರುತ್ತಿದ್ದ. ಮೂರಿಂಚು ಅವನ ಹತ್ತಿರ ಎಲ್ಲ ಹೇಳಿಕೊಂಡ. ಮುದುಕ ಕನ್ನಡಕ ಒರೆಸಿಕೊಂಡು ಎರಡು ದಾರಿ ಹೇಳಿದ. ಒಂದು, ಸೀಸನ್ ಇಲ್ಲದ ತಿಂಗಳ ಗಳಿಕೆಗೆ ರುಜುವಾತು ತೋರಿಸಿದರೆ ಇನ್ನು ಮುಂದಿನ ಕಂತು ಕಡಿಮೆಯಾದೀತು. ಹಳೇ ಬಾಕಿ ಮಾತ್ರ ಹಾಗೇ ಇರುತ್ತದೆ, ಅದನ್ನು ಮುಟ್ಟುವಂತಿಲ್ಲ. ಇನ್ನೊಂದು, ಕೈಯಾರೆ ಕೊಟ್ಟ ಬಟ್ಟೆ, ಬೂಟು, ದಿನಸಿಗೆ ಮಗುವಿನ ತಾಯಿ ಹೌದೆಂದು ಸಹಿ ಹಾಕಿಕೊಟ್ಟರೆ, ಇವನು ಕೈಬಿಟ್ಟವನಲ್ಲ ಎಂದು ಅಧಿಕಾರಿ ಜೈಲು ತಪ್ಪಿಸಬಹುದು.

"ಸಹಿ ಹಾಕ್ತಾಳಾ?" ಎಂದು ಮುದುಕ ಕೇಳಿದ.

"ಹಾಕ್ತಾಳೆ" ಎಂದ ಇವನು.

ಮುದುಕ ಕಾಗದ ಬರೆದುಕೊಟ್ಟ. ಮರುದಿನ ಮಧ್ಯಾಹ್ನ ಇವನು ಅದನ್ನು ಹಿಡಿದುಕೊಂಡು ಆಸ್ಪತ್ರೆಗೆ ಹೋದ. ಹಿಂಬದಿಯ ಮೆಟ್ಟಿಲ ಮೇಲೆ ಅವಳು ಡಬ್ಬಿ ಬಿಚ್ಚಿ ಕೂತಿದ್ದಳು. ಇಬ್ಬರ ನಡುವೆ ಎರಡು ಮೆಟ್ಟಿಲು ಬಿಟ್ಟು ಇವನೂ ಕೂತ. ಅವಳು ಕೈ ಒರೆಸಿಕೊಂಡು ಕಾಗದವನ್ನು ಪೂರ್ತಿ ಓದಿದಳು.

"ಹಾಕ್ತೀನಿ."

"ಹಾಕಿದ್ರೆ ನಿನಗೆ ತೊಂದ್ರೆ ಏನೂ ಇಲ್ವಲ್ಲ?"

ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ಆರು ತಿಂಗಳಿಗೊಂದು ಸಲ ನಾನೂ ಒಂದು ಕಾಗದಕ್ಕೆ ಸಹಿ ಹಾಕ್ತೀನಿ. ಯಾರಿಂದಲೂ ಯಾವ ಸಹಾಯವೂ ಬರ್ತಿಲ್ಲ ಅಂತ. ಹಾಗೆ ಬರೆದರೇನೇ ನೆರವು."

"ಅಂದ್ರೆ?"

"ಅಂದ್ರೆ ಇದಕ್ಕೆ ಸಹಿ ಹಾಕಿದ್ರೆ ಅದು ಸುಳ್ಳಾಯ್ತು. ನೆರವು ನಿಲ್ಲುತ್ತೆ. ಇಷ್ಟು ವರ್ಷ ಕೊಟ್ಟಿದ್ದನ್ನೂ ವಾಪಸ್ ಕೇಳ್ತಾರೆ." ಡಬ್ಬಿಯನ್ನು ಮಗ್ಗುಲಿಗೆ ಸರಿಸಿ ಅವಳೇ ಹೇಳಿದಳು. "ನೀನು ಜೈಲಿಗೆ ಹೋಗೋದನ್ನ ನೋಡೋಕಾಗಲ್ಲ. ಪೆನ್ನು ಕೊಡು."

"ಪೆನ್ನು ತಂದಿಲ್ಲ."

"ಜೇಬಲ್ಲಿ ಇರೋದೇನು ಮತ್ತೆ?"

"ಅದು ಬರೆಯಲ್ಲ."

ಅವಳು ಕೈ ಚಾಚಿದಳು. ಇವನು ಜೇಬಿನ ಮೇಲೆ ಅಂಗೈ ಇಟ್ಟುಕೊಂಡೇ ಎದ್ದು, ಕಾಗದ ಮಡಿಸಿಕೊಂಡು ಬಂದುಬಿಟ್ಟ. ಇದನ್ನು ಹೇಳುವಾಗ ಅವನು ಆ ಪೆನ್ನಿನಿಂದಲೇ ಅಳತೆ ಪುಸ್ತಕದಲ್ಲಿ ಬರೆಯುತ್ತಿದ್ದ.

ಉಳಿದದ್ದು ಮೊದಲನೆಯ ದಾರಿ. ಒಂಬತ್ತು ತಿಂಗಳು ಕೆಲಸ ಕಡಿಮೆ ಎಂದು ಬರೆದುಕೊಡಿ ಎಂದರೆ ಯಜಮಾನರು ಹೌಹಾರಿದರು.

"ಕೆಲಸವಿಲ್ಲ ಅಂತ ನನ್ನ ಅಂಗಡಿಯ ಲೆಟರ್‌ಹೆಡ್ಡಲ್ಲಿ ಬರೆಯೋದಾ? ನಾಳೆ ಶಾಲೆಯವರ ಕಿವಿಗೆ ಬಿದ್ರೆ ಯೂನಿಫಾರ್ಮ್ ಗುತ್ತಿಗೆ ಎದುರು ಬೀದಿಯ ಅಂಗಡಿಗೆ ಹೋಗುತ್ತೆ. ನಿನಗಾಗಿ ಎಂಟು ಜನರ ಹೊಟ್ಟೆ ಮೇಲೆ ಕಲ್ಲು ಹಾಕಲಾ?"

ಅವರ ಮಾತೂ ಸುಳ್ಳಲ್ಲ. ನನ್ನ ಹತ್ತಿರ ಒಂದು ನೋಟುಪುಸ್ತಕ ಇತ್ತು. ದಿನಕ್ಕೆ ಎಷ್ಟು ಬಟ್ಟೆಗೆ ಗುಂಡಿ ಹಾಕಿದೆ ಎಂದು ಬರೆದಿಡುವುದು. ಅಕ್ಷರವನ್ನು ನಾನು ದೊಡ್ಡವಳಾದ ಮೇಲೆ ಪ್ರಾರ್ಥನೆಯ ಪುಸ್ತಕ ನೋಡಿ ಕಲಿತವಳು, ಬರಹ ದಪ್ಪ, ಆದರೆ ಲೆಕ್ಕ ಸರಿ. ನಮ್ಮ ಅಂಗಡಿಯಿಂದ ಹೊರಬೀಳುವ ಬಟ್ಟೆಯೆಲ್ಲ ನನ್ನ ಕೈ ದಾಟಿಯೇ ಹೋಗಬೇಕು. ಆ ಪುಸ್ತಕ ತೆಗೆದುಕೊಂಡು ನಾನೇ ಅವನ ಜೊತೆ ಹೋದೆ.

ಕಚೇರಿಯ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಕಾಲು ಮುರಿದವನ್ನು ಗೋಡೆಗೆ ಒರಗಿಸಿದ್ದರು. ಟೋಕನ್ ನಂಬರು ಕೂಗುವವನಿಗೆ ಗಂಟಲು ಕಟ್ಟಿತ್ತು. ಅವನು ಕೂಗಿದಾಗಲೆಲ್ಲ ನಾಲ್ಕು ಜನ ಎದ್ದು ನಿಂತು ಮೂರು ಜನ ಕೂರುತ್ತಿದ್ದರು. ಕೂತವರಲ್ಲಿ ಲಾರಿ ತೊಳೆಯುವವರಿದ್ದರು, ಗಾರೆ ಕೆಲಸದವರಿದ್ದರು, ಬಣ್ಣ ಹಚ್ಚುವವನೊಬ್ಬ ಉಗುರಿನ ಸಂದಿನ ಹಸಿರು ಬಣ್ಣ ಕೆರೆಯುತ್ತಿದ್ದ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆ ಮಧ್ಯಾಹ್ನ ನನಗೆ ಅನ್ನಿಸಿದ್ದು ಇಷ್ಟೇ, ಇಲ್ಲಿ ಕೂತ ಯಾರ ಕೈಯೂ ಮೆತ್ತಗಿಲ್ಲ.

ಚಿನ್ನುವಿನ ತಾಯಿಯನ್ನೂ ಕರೆಸಿದ್ದರು. ಮಗಳನ್ನು ಬಿಟ್ಟು ಬರಲು ಜಾಗವಿಲ್ಲದೆ ಜೊತೆಗೇ ಕರೆತಂದಿದ್ದಳು. ಇರುವುದರಲ್ಲಿ ಚೆನ್ನಾಗಿರುವುದು ಎಂದು ಹುಡುಗಿ ಶಾಲೆಯ ಸ್ಕರ್ಟನ್ನೇ ಹಾಕಿಕೊಂಡಿದ್ದಳು.

ಈ ಸಲದ ಅಧಿಕಾರಿ ನಡುವಯಸ್ಸಿನ ಹೆಂಗಸು. ಮುಂದೆ ಫೈಲುಗಳ ರಾಶಿ, ಮಗ್ಗುಲಲ್ಲಿ ಇನ್ನೂ ಬಿಚ್ಚದ ಊಟದ ಡಬ್ಬಿ. ನನ್ನ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. ಬಟ್ಟೆಯ ಲೆಕ್ಕ ಮೂರು ತಿಂಗಳು ಪುಟ ತುಂಬಿ, ಆಮೇಲೆ ಪುಟಕ್ಕೆ ನಾಲ್ಕೈದು ಸಾಲಿಗೆ ಇಳಿದಿತ್ತು.

"ಈ ಅಡ್ಡಗೆರೆ ಏನು?"

"ಅವತ್ತು ಒಂದೂ ಬಟ್ಟೆ ಬರಲಿಲ್ಲ ಅಂತ ಮೇಡಂ."

"ಇಷ್ಟೊಂದು ಗೆರೆ." ಅವರು ಮೂರಿಂಚುವಿನ ಕಡೆ ನೋಡಿದರು. "ಮತ್ತೆ ಫೈಲಲ್ಲಿ ಕೈತುಂಬಾ ಕೆಲಸ ಅಂತ ಹೇಳಿದ್ದೀರಿ."

ಅವನು ನೆಲ ನೋಡಿದ. "ಟೈಲರ್ ಬಾಯಲ್ಲಿ ಬೇರೆ ಮಾತು ಬರಲ್ಲ ಮೇಡಂ."

ಅವರಿಗೆ ಅರ್ಥವಾಯಿತೋ ಇಲ್ಲವೋ. ಮುಂದಿನ ಕಂತನ್ನು ಹನ್ನೆರಡು ತಿಂಗಳ ಸರಾಸರಿಯ ಮೇಲೆ ಹಾಕಿ ಬರೆದರು, ಹಳೆಯದರ ಅರ್ಧಕ್ಕೂ ಕಡಿಮೆ. ಆಮೇಲೆ ಬಾಕಿಯ ಹಾಳೆ ಎಳೆದುಕೊಂಡರು.

"ಇದನ್ನ ನಾನು ಕಡಿಮೆ ಮಾಡೋ ಹಾಗಿಲ್ಲ. ಜೈಲು ಬೇಕೋ ಬೇಡವೋ ಅನ್ನೋದು ಮಾತ್ರ ನನ್ನ ಕೈಲಿದೆ. ಮಗೂಗೆ ಬೇರೆ ಏನಾದರೂ ಕೊಟ್ಟಿದ್ದೀರಾ? ಬಟ್ಟೆ, ಬೂಟು, ಪುಸ್ತಕ?"

"ಇಲ್ಲ ಮೇಡಂ."

"ಏನೂ ಇಲ್ಲ?"

"ಏನೂ ಇಲ್ಲ."

ಚಿನ್ನು ತಟ್ಟನೆ ತಲೆ ಎತ್ತಿ, "ಅಪ್ಪಾ" ಎಂದಳು. ಅವನು ಅವಳ ಕಡೆ ತಿರುಗದೆ, "ಸುಮ್ನಿರು ಕಂದ" ಎಂದ. ಅವಳ ತಾಯಿ ಮಗಳ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಅಧಿಕಾರಿ ಹುಡುಗಿಯನ್ನು ನೋಡಿದರು. ಅವರ ಕಣ್ಣು ಮುಖದಿಂದ ಇಳಿದು ಸ್ಕರ್ಟಿನ ಕೆಳಗಿನ ಮೂರು ಗೆರೆಗಳ ಮೇಲೆ ನಿಂತಿತು.

"ಈ ಸ್ಕರ್ಟು ಎಲ್ಲಿಂದ ಬಂತು?"

"ಅಂಗಡೀಲಿ ತಗೊಂಡಿದ್ದು" ಎಂದಳು ತಾಯಿ.

ಅಧಿಕಾರಿ ನನ್ನ ಕಡೆ ತಿರುಗಿದರು. "ನಿಮ್ಮ ಅಂಗಡಿಯದಾ?"

"ಹೌದು ಮೇಡಂ, ನಮ್ಮ ಅಂಗಡಿಯದೇ. ಈ ಕಡೆಯ ಅರ್ಧ ಮಕ್ಕಳು ಹಾಕೋದು ನಮ್ಮ ಅಂಗಡಿಯದೇ."

ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೂ ಆ ಸಂಜೆ ದೇವರ ಮುಂದೆ ಕೈಮುಗಿಯುವಾಗ ಆ ಮಾತಿಗೂ ಸೇರಿಸಿ ಕ್ಷಮೆ ಕೇಳಿದೆ. ಅಧಿಕಾರಿ ಇನ್ನೊಂದು ಪ್ರಶ್ನೆ ಕೇಳಿದ್ದರೆ ನಾನೇನು ಹೇಳುತ್ತಿದ್ದೆನೋ. ಅವರು ಕೇಳಲಿಲ್ಲ. ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು.

"ಏನೂ ಕೊಟ್ಟಿಲ್ಲ ಅಂತ ನೀವೇ ಹೇಳ್ತಿದ್ದೀರಿ. ಆಗ ನಾನು ಬರೆಯೋಕೆ ಏನೂ ಉಳಿಯಲ್ಲ." ಹಾಳೆಯಿಂದ ತಲೆ ಎತ್ತಿ, "ನಿಮ್ಮ ಸೀಸನ್ ಯಾವಾಗ ಮುಗಿಯುತ್ತೆ?" ಎಂದರು.

"ಮೂರು ತಿಂಗಳಿಗೆ."

"ಆಮೇಲೆ?"

ನಾನು ಅವನನ್ನೇ ನೋಡುತ್ತಿದ್ದೆ. ಗುಂಡುಸೂಜಿ ಕಚ್ಚಿಕೊಂಡವನಂತೆ ಅವನ ಬಾಯಿ ಒಂದು ಕ್ಷಣ ಬಿಗಿದಿತ್ತು. "ಆಮೇಲೆ ಕೆಲಸ ಇರಲ್ಲ ಮೇಡಂ" ಎಂದ. ಹೆಂಡತಿಯ ಮುಂದೆ, ಮಗಳ ಮುಂದೆ, ಇಡೀ ಕೋಣೆಗೆ ಕೇಳುವಷ್ಟು ಗಟ್ಟಿಯಾಗಿ.

"ಹಾಗಾದರೆ ಮೂರು ತಿಂಗಳ ಗಡುವು. ಅಷ್ಟರಲ್ಲಿ ಅರ್ಧ ಬಾಕಿ ಕಟ್ಟಿದರೆ ಸರಿ. ಇಲ್ಲದಿದ್ದರೆ ಮೂವತ್ತು ದಿನ, ಗಡುವು ಮುಗಿದ ಮೇಲೆ. ಇಷ್ಟೇ ನನ್ನಿಂದಾಗೋದು." ಅವರು ಸಹಿ ಹಾಕಿ ಮುಂದಿನ ಫೈಲು ತೆಗೆದುಕೊಂಡರು. ಡಬ್ಬಿ ಹಾಗೇ ಇತ್ತು.

ಮೂರಿಂಚು ಆ ಮೂರು ತಿಂಗಳು ದುಡಿದ ರೀತಿಯನ್ನು ನಾನು ಮತ್ತೆ ಯಾರಲ್ಲೂ ನೋಡಿಲ್ಲ. ಕತ್ತರಿಯ ಹಿಡಿಗೆ ಬಟ್ಟೆ ಸುತ್ತಿದರೂ ಹೆಬ್ಬೆರಳು ಒಡೆದು, ಅದಕ್ಕೆ ಅಂಟುಪಟ್ಟಿ ಸುತ್ತಿ, ಅದರ ಮೇಲೆ ಮತ್ತೆ ಕತ್ತರಿ. ಕೂಲಿ ಬಂದ ದಿನವೇ ಕಚೇರಿಗೆ ಹೋಗಿ ಕಟ್ಟಿ ಬರುತ್ತಿದ್ದ. ಅರ್ಧ ಆಗಲಿಲ್ಲ. ಬಾಕಿಯ ಮೂರರಲ್ಲಿ ಒಂದು ಪಾಲಿನ ಹತ್ತಿರ ಬಂದು ನಿಂತಿತು, ಅಷ್ಟರಲ್ಲಿ ಸೀಸನ್ ಮುಗಿಯಿತು.

ಜೈಲಿಗೆ ಹೋಗುವ ದಿನ ಬೆಳಗ್ಗೆ ಅಂಗಡಿಗೆ ಬಂದ. ಯಜಮಾನರು ಅವನ ಕೈಗೆ ಒಂದು ಸಾಬೂನು, ಟವೆಲು ಕೊಟ್ಟು, "ತಿಂಗಳಿಗೆ ಬಾ. ನಿನ್ನ ಕತ್ತರಿ ಯಾರಿಗೂ ಕೊಡಲ್ಲ" ಎಂದರು. ಅವರ ಬಾಯಿಂದ ಇಷ್ಟು ಬಂದದ್ದೇ ಹೆಚ್ಚು.

"ತಿಂಗಳು ಪೂರ್ತಿ ಕೂತು ಊಟ. ನನಗೂ ಒಂದು ಜಾಗ ಹಿಡಿದಿಡಪ್ಪ" ಎಂದ ಇಸ್ತ್ರಿಯವನು.

"ಅಲ್ಲೂ ಯೂನಿಫಾರ್ಮೇ ಅಂತೆ. ಒಳಮಡಿಕೆ ಎಷ್ಟು ಬಿಟ್ಟಿದ್ದಾರೆ ನೋಡಿ ಬರ್ತೀನಿ" ಎಂದು ಹೇಳಿ, ಬಾಗಿಲಲ್ಲಿ ತಲೆ ತಗ್ಗಿಸಿ ಇಳಿದುಹೋದ.

ಮೇಜಿನ ಕೆಳಗಿನ ಖಾನೆಯಲ್ಲಿ ಅವನು ಒಂದು ಕಟ್ಟು ಬಿಟ್ಟುಹೋಗಿದ್ದ. ಬೂದುಬಣ್ಣದ ಸ್ಕರ್ಟಿಗೆ ಕತ್ತರಿಸಿದ ತುಂಡುಗಳು, ಬಟ್ಟೆಯ ಅಂಚಿನಿಂದಲೇ ಕಟ್ಟಿದ್ದು. ಮೇಲೆ ಸೀಮೆಸುಣ್ಣದಲ್ಲಿ ಚಿನ್ನು ಎಂದು ಬರೆದಿತ್ತು. ಹೊಲಿಯಲು ಹೊತ್ತು ಸಿಕ್ಕಿರಲಿಲ್ಲವೇನೋ. ಖಾಲಿ ಕೂತಿದ್ದ ಮಿಷನ್ನಿನವನೊಬ್ಬ ಅದನ್ನು ಹೊಲಿದುಕೊಟ್ಟ, ಹುಕ್ಕು ನಾನು ಹಾಕಿದೆ. ಆಸ್ಪತ್ರೆಗೆ ಹೇಳಿ ಕಳಿಸಿದೆ.

ಹತ್ತೊಂಬತ್ತನೆಯ ದಿನ ತಾಯಿ ಮಗಳು ಬಂದರು. ಅಷ್ಟು ವರ್ಷದಲ್ಲಿ ಅವಳು ಆ ಕಬ್ಬಿಣದ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತು ಮೇಜನ್ನು, ಗೋಡೆಯ ಮೊಳೆಗೆ ನೇತುಹಾಕಿದ್ದ ಅವನ ಟೇಪನ್ನು ನೋಡಿದಳು.

"ಎಷ್ಟಾಯ್ತು ಅಕ್ಕ?"

"ಏನೂ ಬೇಡಮ್ಮ. ಬಟ್ಟೆಗೆ ಅವನೇ ಕೊಟ್ಟಿದ್ದಾನೆ."

"ಬೇಡ. ಅದನ್ನ ಅವನ ಹೆಸರಿಗೆ ವಾಪಸ್ ಹಾಕಿ. ನನ್ನ ಹತ್ತಿರ ತಗೊಂಡು ರಸೀದಿ ಬರೆದುಕೊಡಿ." ಸೆರಗಿನ ಗಂಟು ಬಿಚ್ಚಿ ನಾಣ್ಯಗಳನ್ನು ಮೇಜಿನ ಮೇಲೆ ಇಟ್ಟಳು. "ಅವತ್ತು ಮೇಡಂ ಮುಂದೆ ಅಂಗಡೀಲಿ ತಗೊಂಡಿದ್ದು ಅಂದೆ. ಇದೊಂದಾದರೂ ನಿಜ ಆಗಲಿ."

ನಾನು ರಸೀದಿ ಬರೆಯುವಷ್ಟರಲ್ಲಿ ಅವಳು ಸ್ಕರ್ಟನ್ನು ತಿರುವಿ ಒಳಮಡಿಕೆಗೆ ಬೆರಳಿಟ್ಟು ಅಳೆಯುತ್ತಿದ್ದಳು. ಟೈಲರನ ಜೊತೆ ಸಂಸಾರ ಮಾಡಿದವಳಲ್ಲವೇ, ಬೆರಳಿಗೇ ಅಳತೆ ಗೊತ್ತು.

"ನಾಲ್ಕಿದೆ."

"ಹೌದು."

"ನಿಮ್ಮ ಯಜಮಾನರು ಬೈಯಲಿಲ್ವಾ?"

"ನೋಡಿಲ್ಲ ಅವರು."

ಅವಳು ಅದನ್ನು ಮಡಿಸಿ ಚೀಲಕ್ಕೆ ಹಾಕಿದಳು. ಅವನು ದಿನಸಿ ತುಂಬಿ ಬಾಗಿಲಲ್ಲಿ ಇಡುತ್ತಿದ್ದ ಅದೇ ಚೀಲ. ಚಿನ್ನು ಮೇಜಿನ ಅಂಚು ಹಿಡಿದು ನಿಂತಿದ್ದಳು.

"ದೊಡ್ಡಮ್ಮ, ಇದನ್ನ ಬಿಚ್ಚೋದು ಅಪ್ಪಾನೇ ತಾನೇ?"

"ಬರೋ ವರ್ಷ ತಾನೇ ಬಿಚ್ಚೋದು? ಇನ್ನು ಹನ್ನೊಂದು ದಿನಕ್ಕೆ ಬಂದೇ ಬಿಡ್ತಾನೆ."

"ಅವನಿಗೆ ಕೆಲಸ ಇರುತ್ತಾ ಆಮೇಲೆ?"

ಅವಳ ತಾಯಿ ನನ್ನ ಮುಖ ನೋಡಿದಳು. ಕೈತುಂಬಾ ಇದೆ ಎಂದು ನಾವು ಯಾವಾಗಲೂ ಹೇಳುವ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ತಾಯಿಯೇ, "ಇರಲ್ಲ. ಈಗ ಯಾರಿಗೂ ಇರಲ್ಲ. ಬಾ" ಎಂದು ಮಗಳ ಕೈ ಹಿಡಿದುಕೊಂಡು ಇಳಿದಳು.

ಅವರು ಹೋದ ಮೇಲೆ ಅಂಚೆಯವನು ಬಂದ. ಕಚೇರಿಯಿಂದ ಆ ತಿಂಗಳ ಕಂತಿನ ಕಾಗದ, ಮೂರಿಂಚುವಿನ ಹೆಸರಿಗೆ. ಗಾಳಿಗೆ ಹಾರದಿರಲಿ ಎಂದು ಅವನ ಕತ್ತರಿಯ ಕೆಳಗೆ ಇಟ್ಟು, ನಾನು ನನ್ನ ಪುಸ್ತಕದಲ್ಲಿ ಅಂದಿನ ದಿನಕ್ಕೆ ಅಡ್ಡಗೆರೆ ಎಳೆಯದೆ, ಆ ಸ್ಕರ್ಟಿನ ಲೆಕ್ಕಕ್ಕೆ ಒಂದು ಬಟ್ಟೆ ಎಂದು ಬರೆದೆ.